ಅರವತ್ತಾರಕ್ಕೆ ಚಪ್ಪಾಳೆ

ಮಾರ್ಚ್ 12, ಬುಧವಾರ

ಮುಂದಿನ ಗುರುವಾರ ಎಂಟು ಮಕ್ಕಳಿಗೆ ಜ್ವರ ಬರಬೇಕು ಎಂದು ನಮ್ಮ ಪಟ್ಟಣದ ಶಾಲೆ ಇವತ್ತು ಮಧ್ಯಾಹ್ನ ತೀರ್ಮಾನಿಸಿತು. ಹೆಸರು ಹಿಡಿದು ಹೇಳಿದ್ದಾರೆ. ಇಂಥಿಂಥವರು ಆ ದಿನ ಬರುವುದು ಬೇಡ, ಮನೆಯವರಿಂದ ಬೆಳಿಗ್ಗೆ ಫೋನ್ ಮಾಡಿಸಿ. ಅವರು ಮಾಡಿದ ಅಪರಾಧ — ಪಾಠದಲ್ಲಿ ಹಿಂದೆ ಬಿದ್ದದ್ದು. ಜಿಲ್ಲೆಯಿಂದ ಅಧಿಕಾರಿಗಳು, ಬೇರೆ ಶಾಲೆಗಳ ಶಿಕ್ಷಕರು ಒಂಬತ್ತನೇ ತರಗತಿಯ ಕಂಪ್ಯೂಟರ್ ಪಾಠ ನೋಡಲು ಬರುತ್ತಾರಂತೆ. ಅವರ ಕಣ್ಣಿಗೆ ದಡ್ಡರು ಬೀಳಬಾರದು.

ಲಾಮ್ ಸೊಪ್ಪು ಬಿಡಿಸುತ್ತ ಹೇಳಿದಳು. ದಿನದ ಸುದ್ದಿ ಹೇಳುವ ಹಾಗೆ, ಆರಾಮವಾಗಿ. ಹದಿನೈದು ತುಂಬದ ಮೊಮ್ಮಗಳು. ಇಂಥದ್ದಕ್ಕೆ ಅಭ್ಯಾಸವಾಗಿಹೋಗಿದೆ.

"ಮತ್ತೆ ಉಳಿದೋರು?"

"ಉಳಿದೋರು ಪ್ರತಿ ಪ್ರಶ್ನೆಗೂ ಕೈ ಎತ್ತಬೇಕು ಅಜ್ಜಿ. ಉತ್ತರ ಗೊತ್ತಿದ್ರೆ ಬಲಗೈ. ಗೊತ್ತಿಲ್ದಿದ್ರೆ ಎಡಗೈ. ಮಿಸ್ ಬಲಗೈಯವರನ್ನ ಮಾತ್ರ ಎಬ್ಬಿಸ್ತಾರೆ."

"ಎಡಚರು ಯಾರಾದ್ರೂ ಇದ್ರೆ?"

"ಟ್ವಾನ್ ಎಡಚ. ಅವನಿಗೂ ಜ್ವರ."

ನನ್ನ ಮಗಳು ಕ್ವಿನ್ ನಕ್ಕಳು. "ನಮ್ಮ ಕಾಲದಲ್ಲೂ ಹೀಗೇ ಇತ್ತಲ್ಲಮ್ಮ." ಇತ್ತು. ಅದೇ ನನ್ನ ತಕರಾರು. ಅದಕ್ಕೂ ಹಿಂದೆ ಇತ್ತು. 1978ರಲ್ಲಿ ದಾಯ್ ನದಿಯ ಆಚೆ ದಡದ ಸಹಕಾರ ಸಂಘವನ್ನು ನೋಡಲು ರಾಜಧಾನಿ ಹನೋಯ್‌ನಿಂದ ದೊಡ್ಡವರು ಬಂದಿದ್ದರು. ದೊಡ್ಡವರು ಜೀಪಿನಲ್ಲಿ ರಸ್ತೆ ಸುತ್ತಿಕೊಂಡು ದೊಡ್ಡಿಯಿಂದ ದೊಡ್ಡಿಗೆ ಹೋದರು, ಅವೇ ಹಂದಿಗಳು ದೋಣಿಯಲ್ಲಿ ಅಡ್ಡದಾರಿಯಾಗಿ ಮೊದಲೇ ಹೋದವು. ಪತ್ರಿಕೆಯಲ್ಲಿ ನಾಲ್ಕು ದೊಡ್ಡಿಗಳ ಚಿತ್ರ ಬಂತು. ನಾಲ್ಕರಲ್ಲೂ ಹರಿದ ಕಿವಿಯ ಅದೇ ಚುಕ್ಕೆ ಹಂದಿ. ನಾನು ಕೆಲಸ ಮಾಡುತ್ತಿದ್ದ ಲೈಬ್ರರಿಯ ಮೇಜಿನ ಮೇಲೆ ಭೂತಗನ್ನಡಿ ಹಿಡಿದು ನೋಡಿದ್ದೆ. ಒಂದು ಮಾತು ಹೇಳಬೇಕು: ಆ ಹಂದಿಗಳಿಗೆ ಯಾರೂ ಬಾಯಿಪಾಠ ಮಾಡಿಸಿರಲಿಲ್ಲ.

ಮಾರ್ಚ್ 15, ಶನಿವಾರ

ಎರಡನೇ ತಾಲೀಮು ಮುಗಿಯಿತಂತೆ. ಪಾಠದ ಹೆಸರು ಕೇಳಿದೆ. "ಪ್ರೋಗ್ರಾಮಿನಲ್ಲಿ ತಪ್ಪು ಹುಡುಕುವುದು." ಕುಡಿಯುತ್ತಿದ್ದ ಟೀ ನೆತ್ತಿಗೆ ಹತ್ತಿತು.

ತಪ್ಪು ಎಲ್ಲಿದೆ ಎಂದು ಮೊದಲೇ ಗೊತ್ತು. ಇಟ್ಟವರು ಮಿಸ್ ಹಿಯೆನ್. ಹುಡುಕುವವರು ಯಾರು, ತಿದ್ದುವವರು ಯಾರು, ಯಾವಾಗ ಎಲ್ಲರೂ ಚಪ್ಪಾಳೆ ತಟ್ಟಬೇಕು — ಎಲ್ಲ ಗೊತ್ತು. ಇನ್ನು ಹುಡುಕುವುದೇನು ಉಳಿಯಿತು? ಕಳೆದುಕೊಳ್ಳದ ಚಪ್ಪಲಿಗಾಗಿ ಇಡೀ ಊರು ಹುಡುಕುವ ಹಾಗೆ.

ಲಾಮ್ ಕಡಲೆಕಾಯಿ ಬೀಜ ಸಾಲಾಗಿ ಇಟ್ಟು ವಿವರಿಸಿದಳು. ಪರದೆಯ ಮೇಲೆ ಒಂದು ಬೆಕ್ಕು. ಒಂದರಿಂದ ಹತ್ತರವರೆಗಿನ ಸಂಖ್ಯೆಗಳನ್ನು ಕೂಡಿ ಮೊತ್ತ ಹೇಳಬೇಕು. ಬಣ್ಣದ ತುಂಡುಗಳನ್ನು ಒಂದಕ್ಕೊಂದು ಸಿಕ್ಕಿಸಿ ಪ್ರೋಗ್ರಾಂ ಮಾಡಿರುತ್ತಾರೆ. ಅದರಲ್ಲಿ ಒಂದು ತುಂಡು "ಇಷ್ಟು ಸಲ ಮಾಡು" ಎನ್ನುತ್ತದೆ. ಹತ್ತು ಸಲ ಅನ್ನಬೇಕಾದಲ್ಲಿ ಮಿಸ್ ಒಂಬತ್ತು ಎಂದು ಇಟ್ಟಿದ್ದಾರೆ. ಹಾಗಾಗಿ ಬೆಕ್ಕು ಐವತ್ತೈದರ ಬದಲು ನಲವತ್ತೈದು ಎನ್ನುತ್ತದೆ. ಆಗ ಲಾಮ್ ಎದ್ದು ನಿಂತು ಹೇಳಬೇಕು: "ಮಿಸ್, ನಲವತ್ತೈದು ಬಂದಿದೆ, ತಪ್ಪು. ಒಂದು ಸುತ್ತು ಕಡಿಮೆಯಾಗಿದೆ." ತರಗತಿಯ ಲೀಡರ್ ಬಾಕ್ ಹೋಗಿ ಸುತ್ತಿನ ಸಂಖ್ಯೆಗೆ ಒಂದು ಕೂಡಿಸಬೇಕು. ಚಪ್ಪಾಳೆ.

"ನಿನಗೆ ಬೇಜಾರಾಗಲ್ವೇನೇ?"

"ತಾಲೀಮು ಬೇಜಾರು. ಪ್ರೋಗ್ರಾಂ ಬೇಜಾರಿಲ್ಲ. ಅದು ಸುಳ್ಳು ಹೇಳಲ್ಲ ಅಜ್ಜಿ. ಹೇಳಿಕೊಟ್ಟಿದ್ದನ್ನ ಹಾಗೇ ಮಾಡುತ್ತೆ. ತಪ್ಪು ಹೇಳಿಕೊಟ್ರೆ ತಪ್ಪೇ ಮಾಡುತ್ತೆ."

"ಹಾಗಾದ್ರೆ ಅದೂ ನಿಮ್ಮ ಶಾಲೆ ವಿದ್ಯಾರ್ಥಿನೇ ಬಿಡು."

ನಕ್ಕಳು. ಆಮೇಲೆ ಮಾವನ ಹಳೆಯ ಲ್ಯಾಪ್‌ಟಾಪ್ ತೆಗೆದು ಕೂತಳು. ಎರಡು ಕೀ ಉದುರಿವೆ, ಆ ಜಾಗದಲ್ಲಿ ಬೆರಳ ತುದಿಯಿಂದ ಒತ್ತುತ್ತಾಳೆ. ಅದು ಕೆಟ್ಟ ದಿನ ಕಾಗದದ ಮೇಲೆ ಚೌಕ ಬರೆದು, ಬಾಣ ಎಳೆದು, ಪ್ರೋಗ್ರಾಮನ್ನು ಕಣ್ಣಲ್ಲೇ ಓಡಿಸುತ್ತಾಳೆ. ಹತ್ತನೇ ತರಗತಿಯಿಂದ ಶುರುವಾಗುವ ಪ್ರಾಂತ್ಯದ ವಿಶೇಷ ಪ್ರೌಢಶಾಲೆಯಲ್ಲಿ ಕಂಪ್ಯೂಟರ್ ವಿಜ್ಞಾನದ ತರಗತಿ ಒಂದೇ ಒಂದು. ಜೂನ್‌ನಲ್ಲಿ ಪ್ರವೇಶ ಪರೀಕ್ಷೆ. ಎರಡು ವರ್ಷದಿಂದ ಈ ಹುಡುಗಿಯ ಬಾಯಲ್ಲಿ ಬೇರೆ ಮಾತಿಲ್ಲ. ಅಂಕ ಸಾಕಷ್ಟಿದೆ. ಅರ್ಜಿ ಹಾಕಲು ಇನ್ನೊಂದು ಬೇಕು — ವರ್ಷದ ಕೊನೆಗೆ ನಡತೆಯಲ್ಲಿ "ಉತ್ತಮ" ದರ್ಜೆ. ಅದಕ್ಕೇನು, ಇವಳಿಗೆ ಆರನೇ ತರಗತಿಯಿಂದ ಅದು ತಪ್ಪಿಲ್ಲ.

ಮಾರ್ಚ್ 19, ಬುಧವಾರ

ಕೊನೆಯ ತಾಲೀಮು. ಬಾಕ್ ಸಂಖ್ಯೆ ತಿದ್ದಿ, ಈ ಸಲ ಸೇವ್ ಕೂಡ ಮಾಡಿದನಂತೆ. ಪುಸ್ತಕದಲ್ಲಿ ಹಾಗೇ ಇದೆ, ತಿದ್ದಿದ ಮೇಲೆ ಸೇವ್ ಮಾಡಿ ಎಂದು. ಮಿಸ್ ಭೇಷ್ ಅಂದರಂತೆ. ಐದು ತಾಲೀಮಿನಲ್ಲಿ ಒಬ್ಬ ಹುಡುಗ ಪುಸ್ತಕ ಓದಿದ.

ಲಾಮ್‌ಳ ಸಮವಸ್ತ್ರದ ಕೆಂಪು ಸ್ಕಾರ್ಫ್ ಇಸ್ತ್ರಿ ಮಾಡಿಟ್ಟೆ.

ಮಾರ್ಚ್ 20, ಗುರುವಾರ. ಬೆಳಿಗ್ಗೆ

ಮಾರುಕಟ್ಟೆಯಿಂದ ಬರುವಾಗ ಶಾಲೆಯ ಗೇಟಿನೆದುರಿನ ಕಬ್ಬಿನ ಹಾಲಿನ ಅಂಗಡಿಯಲ್ಲಿ ಜ್ವರದ ಮಕ್ಕಳನ್ನು ಕಂಡೆ. ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಸಾಲಾಗಿ ಕೂತು ಫೋನಿನಲ್ಲಿ ಆಟ. ಒಳಗೆ ಮೈಕು ಸ್ವಾಗತ ಹಾಡುತ್ತಿತ್ತು.

"ಐಸ್ ಕಡಿಮೆ ಹಾಕಮ್ಮ, ಪಾಪ, ಮೈ ಬಿಸಿ ಇದೆ," ಅಂದೆ ಅಂಗಡಿಯವಳಿಗೆ.

"ಇವಕ್ಕಾ? ಮೂರನೇ ಗ್ಲಾಸು ಅಜ್ಜಿ. ವರ್ಷಪೂರ್ತಿ ಇಂಥ ಜ್ವರ ಬರ್ತಿದ್ರೆ ನಾನು ಮನೆ ಕಟ್ತಿದ್ದೆ."

ಮಕ್ಕಳು ನಕ್ಕವು. ಎಡಚ ಟ್ವಾನ್ ನಗಲಿಲ್ಲ. ಎಡಗೈಯಲ್ಲಿ ಗ್ಲಾಸು ಹಿಡಿದು ಗೇಟಿನ ಕಡೆ ನೋಡುತ್ತಿದ್ದ.

ಅದೇ ದಿನ. ಸಂಜೆ

ಲಾಮ್ ಬಂದವಳು ಚೀಲ ಇಳಿಸಿ ಅಂಗಳದ ನಲ್ಲಿಯಲ್ಲಿ ಬಹಳ ಹೊತ್ತು ಮುಖ ತೊಳೆದಳು. ಒಂದೊಂದಾಗಿ ಕೇಳಿ ತಿಳಿದುಕೊಂಡೆ. ನಡೆದದ್ದು ಇಷ್ಟು.

ಹಿಂದಿನ ಸಾಲಿನಲ್ಲಿ ಅತಿಥಿಗಳು. ಪ್ರೊಜೆಕ್ಟರ್ ಹಚ್ಚಿದರು. ಮಿಸ್ ಹಿಯೆನ್ ಪ್ರೋಗ್ರಾಂ ಓಡಿಸಿದರು. ಬೆಕ್ಕು ಹೇಳಿತು: ಐವತ್ತೈದು.

ನಿನ್ನೆ ತಿದ್ದಿದ್ದು ತಿದ್ದಿದ ಹಾಗೇ ಉಳಿದಿತ್ತು. ಮತ್ತೆ ಕೆಡಿಸಿಡಲು ಎಲ್ಲರೂ ಮರೆತಿದ್ದರು. ತಪ್ಪು ಹುಡುಕುವ ಪಾಠಕ್ಕೆ ತಪ್ಪೇ ಬಂದಿರಲಿಲ್ಲ.

ಮಿಸ್ ಪರದೆಯತ್ತ ತಿರುಗಿಯೂ ನೋಡದೆ ಕೇಳಿದರಂತೆ, "ಮಕ್ಕಳೇ, ಈ ಉತ್ತರ ಸರಿಯಾಗಿದೆಯಾ?" ಎಲ್ಲ ಕೈಗಳೂ ಮೇಲೆ. "ಲಾಮ್, ಹೇಳು."

"ನಾನು ನಿಂತೆ ಅಜ್ಜಿ. ಬಾಯಿಗೆ ನಲವತ್ತೈದು ಬಂದೇಬಿಟ್ಟಿತ್ತು. ಆದ್ರೆ ಕಣ್ಣೆದುರು ಅಷ್ಟು ದೊಡ್ಡದಾಗಿ ಐವತ್ತೈದು ಇತ್ತು."

"ಏನಂದೆ?"

"ಮಿಸ್, ಐವತ್ತೈದು ಬಂದಿದೆ. ಸರಿ ಇದೆ ಅಂದೆ."

"ಆಗ?"

"ಸರಿಯಾಗಿ ನೋಡಿ ಹೇಳು ಅಂದ್ರು. ನೋಡಿದೆ. ತಪ್ಪಿಲ್ಲ ಮಿಸ್ ಅಂದೆ. ಕೂತ್ಕೋ ಅಂದ್ರು. ಪಕ್ಕದ ನ್ಹಾಯ್‌ನ ಎಬ್ಬಿಸಿದ್ರು. ಅವಳು ನನ್ನ ಮಾತು ಕೇಳಿ ಕೇಳಿ ಬಾಯಿಪಾಠ ಮಾಡಿದ್ಲು. ನಲವತ್ತೈದು ಬಂದಿದೆ ತಪ್ಪು, ಒಂದು ಸುತ್ತು ಕಡಿಮೆಯಾಗಿದೆ ಅಂದ್ಲು. ಮಿಸ್ 'ಬಹಳ ಚೆನ್ನಾಗಿ ಗುರುತಿಸಿದೆ' ಅಂದ್ರು."

ಬಾಕ್ ಎದ್ದು ಹೋದ. ಒಂದು ಕೂಡಿಸಬೇಕು ಎಂದು ಕಲಿಸಿದ್ದರು, ಕೂಡಿಸಿದ. ಹತ್ತು ಇದ್ದದ್ದು ಹನ್ನೊಂದಾಯಿತು. ಬೆಕ್ಕು ಹೇಳಿತು: ಅರವತ್ತಾರು.

ಚಪ್ಪಾಳೆ. ಮಕ್ಕಳು ತಟ್ಟಿದರು. ಹಿಂದಿನ ಸಾಲಿನವರೂ ತಟ್ಟಿದರು. ಕನ್ನಡಕದವರು, ಡಿಗ್ರಿಯವರು, ಜಿಲ್ಲೆಯ ಕಂಪ್ಯೂಟರ್ ಶಿಕ್ಷಣ ನೋಡಿಕೊಳ್ಳುವವರು. ಹತ್ತು ಬೆರಳಿದ್ದ ಇಪ್ಪತ್ತು ಜನ.

"ನೀನೂ ತಟ್ಟಿದ್ಯಾ?"

"ಇಲ್ಲ. ನಾನು ಕೂತಲ್ಲೇ 'ಇದು ತಪ್ಪು, ಈಗ ತಪ್ಪಾಯ್ತು' ಅಂದುಬಿಟ್ಟೆ. ಚಪ್ಪಾಳೆ ನಿಂತ ಮೇಲೆ ಅಂದಿದ್ದು, ಎಲ್ಲರಿಗೂ ಕೇಳಿಸ್ತು."

ಜಿಲ್ಲೆಯ ತೀರ್ಪು: ಪಾಠ ಅತ್ಯುತ್ತಮ. ಮಕ್ಕಳು ಚುರುಕು.

ನನ್ನ ನಲವತ್ತು ವರ್ಷದ ಲೈಬ್ರರಿಯಲ್ಲಿ ಸುಳ್ಳು ಪುಸ್ತಕಗಳನ್ನು ಬಹಳ ಜೋಡಿಸಿಟ್ಟಿದ್ದೇನೆ. ಅಲ್ಲಿ ಸುಳ್ಳು ಹೇಳುವವರು ಕನಿಷ್ಠ ಸುಳ್ಳನ್ನು ಓದಿ ನೋಡುತ್ತಿದ್ದರು.

ಮಾರ್ಚ್ 22, ಶನಿವಾರ

ಕ್ವಿನ್‌ಳನ್ನು ಶಾಲೆಗೆ ಕರೆಸಿದರು. ಔಷಧಿ ಅಂಗಡಿಯಿಂದ ಅರ್ಧ ದಿನ ರಜೆ ಹಾಕಿ ಹೋದಳು. ಲಾಮ್ ಆತ್ಮವಿಮರ್ಶೆ ಪತ್ರ ಬರೆಯಬೇಕು, ತಾಯಿ ಸಹಿ ಹಾಕಬೇಕು.

ಊಟದ ಮೇಜಿನಲ್ಲಿ ತಾಯಿ ಮಗಳ ಜಟಾಪಟಿ.

"ಬರೆದುಬಿಡೇ. ಅರ್ಧ ಪುಟ. ಯಾರೂ ಓದಲ್ಲ."

"ಯಾವ ತಪ್ಪು ಅಂತ ಬರೀಲಿ?"

"ತಪ್ಪಾಯ್ತು ಅಂತ ಬರಿ."

"ಏನು ತಪ್ಪಾಯ್ತು ಅಂತ ಬರೀದಿದ್ರೆ ತಿದ್ಕೊಳ್ಳೋದು ಏನನ್ನ ಅಮ್ಮ?"

ಕ್ವಿನ್ ನನ್ನ ಕಡೆ ತಿರುಗಿದಳು. "ನೀನು ಕಲಿಸಿದ್ದು ಇದೆಲ್ಲ. ನಗಬೇಡ."

ನಕ್ಕಿರಲಿಲ್ಲ. ಅನ್ನಕ್ಕೆ ಮೀನಿನ ಸಾಸ್ ಹಾಕಿಕೊಳ್ಳುತ್ತಿದ್ದೆ.

ಕೊನೆಗೆ ಕ್ವಿನ್ ಹೇಳಿ ಬರೆಸಿದಳು. "ಸಮೂಹದೊಂದಿಗೆ ಸಹಕರಿಸುವ ಮನೋಭಾವ ನನ್ನಲ್ಲಿ ಕಡಿಮೆಯಾಗಿತ್ತು." ಲಾಮ್ ಅಕ್ಷರ ಅಕ್ಷರ ಅಂದವಾಗಿ ಬರೆದಳು. ಬರೆದು ಪೆನ್ನು ಮುಚ್ಚಿದಳು. ಹೋಗಿ ಮಲಗಿದಳು.

ಆಮೇಲೆ ಕ್ವಿನ್ ಅಡುಗೆ ಮನೆಗೆ ಬಂದಳು. ಧ್ವನಿ ಇಳಿದಿತ್ತು. "ಅಮ್ಮ, ಕೈ ಮುಗೀತೀನಿ. ವರ್ಷ ಮುಗಿಯೋವರೆಗೂ ನೀನು ಆ ಶಾಲೆ ಕಡೆ ಹೋಗ್ಬೇಡ. ಯಾರಿಗೂ ಏನೂ ಬರೀಬೇಡ. ಅವಳ ದರ್ಜೆ ಅವರ ಕೈಲಿದೆ. ಅವಳಪ್ಪ ಹೈಫಾಂಗ್ ಬಂದರಲ್ಲಿ ಕೂತಿದ್ದಾನೆ, ಇಲ್ಲಿ ಎದುರು ಹಾಕ್ಕೊಂಡು ಬದುಕಬೇಕಾದೋಳು ನಾನು."

ಸರಿ ಅಂದೆ. ಯಾರಿಗೂ ಏನೂ ಬರೆಯುವುದಿಲ್ಲ. ಇಲ್ಲೂ ಬರೆಯುವುದಿಲ್ಲ. ಬರೆದರೆ ಕೋಪ ಹಳತಾಗುವುದಿಲ್ಲ.

ಏಪ್ರಿಲ್ 16, ಬುಧವಾರ

ಮಾತು ಉಳಿಸಿಕೊಂಡಿದ್ದೆ. ಇವತ್ತಿಗೆ ಮುಗಿಯಿತು. ಮುರಿದದ್ದು ನಾನಲ್ಲ.

ಶಾಲೆಯ ಗೇಟಿನ ಮೇಲೆ ಬ್ಯಾನರ್ ಬಂದಿದೆ. ಎರಡು ಆಳು ಉದ್ದ. "ಜಿಲ್ಲಾ ಮಟ್ಟದಲ್ಲಿ ಅತ್ಯುತ್ತಮ ಕಂಪ್ಯೂಟರ್ ಪಾಠ — ಹೊಸ ಯುಗದತ್ತ ನಮ್ಮ ಶಾಲೆ." ಹಾಕಿಸಿದವರು ಪೋಷಕರ ಸಮಿತಿಯ ಸಾನ್, ಸ್ಕೂಟರ್ ಅಂಗಡಿಯವನು. ನಡುವೆ ಆ ದಿನದ ಫೋಟೋ. ಚಪ್ಪಾಳೆ ತಟ್ಟುತ್ತಿರುವ ಮಕ್ಕಳು, ನಗುತ್ತಿರುವ ಅಧಿಕಾರಿಗಳು, ಹಿಂದೆ ಪರದೆ, ಪರದೆಯಲ್ಲಿ ಬೆಕ್ಕು. ಬೆಕ್ಕಿನ ಬಾಯಿಂದ ಒಂದು ಗುಳ್ಳೆ. ಗುಳ್ಳೆಯಲ್ಲಿ ಸ್ಪಷ್ಟವಾಗಿ:

ಒಂದರಿಂದ ಹತ್ತರವರೆಗಿನ ಮೊತ್ತ 66.

ಗೇಟಿನ ಎದುರು ಕಾಲು ಗಂಟೆ ನಿಂತೆ. ಶಿಕ್ಷಕರು ಅದರ ಕೆಳಗೇ ಒಳಗೆ ಹೋದರು. ಪೋಷಕರು ಸ್ಕೂಟರ್ ನಿಲ್ಲಿಸಿ ಫೋಟೋ ತೆಗೆದುಕೊಂಡರು. ಗಣಿತದ ಮೇಷ್ಟ್ರು ತಲೆಯೆತ್ತಿ ನೋಡಿ, ಕೂದಲು ಸರಿಮಾಡಿಕೊಂಡು ಹೋದರು. ಒಬ್ಬರಾದರೂ... ಇಲ್ಲ. ಇಷ್ಟು ದೊಡ್ಡ ಅಕ್ಷರದಲ್ಲಿ ತಪ್ಪು ಬರೆದರೆ ಅದು ಅಲಂಕಾರವಾಗಿಬಿಡುತ್ತದೆ, ಯಾರೂ ಓದುವುದಿಲ್ಲ.

ಲಾಮ್ ದಿನಾ ಎರಡು ಸಲ ಅದರ ಕೆಳಗೆ ಹೋಗಿ ಬರಬೇಕು.

ಏಪ್ರಿಲ್ 18, ಶುಕ್ರವಾರ

ಹೆಡ್‌ಮಾಸ್ಟರ್ ಖಾಯ್ ಅವರನ್ನು ಕಂಡು ಬಂದೆ. ಕ್ವಿನ್‌ಗೆ ಹೇಳದೆ.

ಈ ಖಾಯ್ ನನಗೆ ಹೊಸಬರಲ್ಲ. ಹನ್ನೆರಡು ವರ್ಷದವನಿದ್ದಾಗ ಲೈಬ್ರರಿಯ ವಿಶ್ವಕೋಶದಿಂದ ಉಪಗ್ರಹದ ಬಣ್ಣದ ಚಿತ್ರ ಬ್ಲೇಡಿನಲ್ಲಿ ಕತ್ತರಿಸಿಕೊಂಡು ಪುಸ್ತಕ ವಾಪಸು ತಂದಿದ್ದ. ಕೇಳಿದರೆ "ನೀವು ಕೊಟ್ಟಾಗಲೇ ಹಾಗಿತ್ತು" ಅಂದ. ಆ ದಿನದಿಂದ ಈ ಮನುಷ್ಯ ಬದಲಾಯಿಸಿದ್ದು ಅಂಗಿ ಮಾತ್ರ.

"ಬನ್ನಿ ಲೈಬ್ರರಿ ಅಮ್ಮ, ಕೂತ್ಕೊಳ್ಳಿ. ಟೀ ತಗೊಳ್ಳಿ. ಥಾಯ್ ಙುಯೆನ್ ತೋಟದ ಟೀ, ಹೊಸ ಎಲೆ."

"ಗೇಟಿನ ಮೇಲಿನ ಬ್ಯಾನರ್ ನೋಡಿದ್ರಾ?"

"ನೋಡದೆ ಇರ್ತೀನಾ. ಚೆನ್ನಾಗಿ ಬಂದಿದೆ ಅಲ್ವಾ? ಸಾನ್ ಅವರು ಹನೋಯ್‌ನಲ್ಲಿ ಪ್ರಿಂಟ್ ಮಾಡ್ಸಿದ್ರು."

"ಬೆಕ್ಕು ಏನು ಹೇಳ್ತಿದೆ?"

"ಬೆಕ್ಕಾ?"

"ಪರದೆ ಮೇಲಿದೆ. ಒಂದರಿಂದ ಹತ್ತರವರೆಗೆ ಕೂಡಿದ್ರೆ ಅರವತ್ತಾರು ಅನ್ನುತ್ತೆ. ಕೂಡಿ ನೋಡಿ."

ಕೂಡಿದರು. ತುಟಿ ಆಡಿದ್ದು ಕಂಡಿತು. ಏಳರವರೆಗೆ ಹೋಗಿರಬೇಕು. ಅಲ್ಲಿ ನಿಲ್ಲಿಸಿ ಟೀ ಪಾತ್ರೆಯ ಮುಚ್ಚಳ ಹಾಕಿದರು.

"ಪಾಠದ ಮಧ್ಯ ತೆಗೆದ ಫೋಟೋ ಇರಬೇಕಮ್ಮ."

"ಪಾಠದ ಕೊನೆ. ಚಪ್ಪಾಳೆ ತಟ್ತಿದ್ದಾರೆ ನೋಡಿ."

"ಇಪ್ಪತ್ತು ಜನ ಅತಿಥಿಗಳಿದ್ರು. ಯಾರೂ ಏನೂ ಅನ್ಲಿಲ್ಲ."

"ನಾನೂ ಅದನ್ನೇ ಹೇಳ್ತಿರೋದು."

ಗೋಡೆಯ ಮೇಲಿನ ಪ್ರಶಸ್ತಿ ಪತ್ರಗಳತ್ತ ನೋಡಿದರು, ಅವು ಸಾಕ್ಷಿ ಹೇಳುತ್ತವೇನೋ ಎಂಬ ಹಾಗೆ.

"ಅಮ್ಮ, ಒಂದು ಸಂಖ್ಯೆ. ಮಕ್ಕಳ ಉತ್ಸಾಹ ನೋಡಿ, ಸಂಖ್ಯೆ ಯಾಕೆ ನೋಡ್ತೀರ?"

"ಕಂಪ್ಯೂಟರ್ ಪಾಠ ಅಂತ ಬರೆದಿದೀರಲ್ಲ, ಅದಕ್ಕೆ ನೋಡ್ದೆ. ನೃತ್ಯ ಅಂತ ಬರೆದಿದ್ರೆ ನೋಡ್ತಿರ್ಲಿಲ್ಲ. ಆ ದಿನ ಅದು ತಪ್ಪು ಅಂತ ಹೇಳಿದ ಹುಡುಗಿ ಒಬ್ಬಳೇ. ಅವಳ ಹತ್ರ ತಪ್ಪಾಯ್ತು ಅಂತ ಬರೆಸ್ಕೊಂಡ್ರಿ."

"ಲಾಮ್ ಬುದ್ಧಿವಂತೆ. ಇಲ್ಲ ಅನ್ನಲ್ಲ. ಆದ್ರೆ ಬುದ್ಧಿ ಒಂದೇ ಸಾಲದು, ಎಲ್ಲರ ಜೊತೆ ಹೊಂದ್ಕೊಳ್ಳೋದು ಕಲೀಬೇಕು." ನನಗೆ ಇನ್ನಷ್ಟು ಟೀ ಸುರಿದರು, ನಗುನಗುತ್ತಲೇ. "ವರ್ಷದ ಕೊನೆ ಬರ್ತಿದೆ. ದೊಡ್ಡವರು ನೀವು. ಸ್ವಲ್ಪ ಯೋಚನೆ ಮಾಡಿ."

ಬ್ಲೇಡಿನಷ್ಟೇ ನೀಟಾದ ಕೆಲಸ.

ಮೇ 10, ಶನಿವಾರ

ಮಿಸ್ ಹಿಯೆನ್ ಮನೆಗೆ ಬಂದರು. ಮೂವತ್ತು ದಾಟಿರಲಾರದು. ಹೆಲ್ಮೆಟ್ ತೆಗೆಯದೆ ಅಂಗಳದಲ್ಲೇ ನಿಂತರು, ಕೈಯಲ್ಲಿ ಪ್ಲಮ್ ಹಣ್ಣಿನ ಚೀಲ. ಕೂರು ಎಂದ ಮೇಲೆ ಕೂತರು.

"ನಿನ್ನೆ ಸಭೆ ಇತ್ತಮ್ಮ. ನಡತೆ ದರ್ಜೆ ಹಾಕೋ ಸಭೆ. ನೋಟಿಸ್ ಬೋರ್ಡಿಗೆ ಬರೋ ಮುಂಚೆ ನಾನೇ ಹೇಳ್ಬೇಕು ಅನ್ನಿಸ್ತು. ಲಾಮ್‌ಗೆ... 'ಪಾಸ್' ಅಂತ ಆಗಿದೆ."

ಪಾಸ್. ಕೊನೆಯ ದರ್ಜೆಯಿಂದ ಒಂದೇ ಮೆಟ್ಟಿಲು ಮೇಲೆ. ತರಗತಿಯಲ್ಲಿ ಹೊಡೆದಾಡಿ ಹುಡುಗನ ಹಲ್ಲು ಮುರಿದವನಿಗೂ ಇದೇ. ವಿಶೇಷ ಶಾಲೆ ಇದಕ್ಕೆ ಅರ್ಜಿಯನ್ನೂ ಕೊಡುವುದಿಲ್ಲ.

"ಕಾರಣ ಏನು ಬರೆದ್ರಿ?"

"ಅತಿಥಿಗಳ ಎದುರು ಶಿಸ್ತು ಮೀರಿದ್ದು. ಮನೆಯವರೂ ಸಹಕರಿಸಲಿಲ್ಲ ಅಂತ ಹೆಡ್‌ಮಾಸ್ಟರ್ ಬಾಯಿ ಮಾತಲ್ಲಿ ಸೇರಿಸಿದ್ರು."

"ನೀನೇನು ಮಾಡ್ದೆ?"

"ಎಲ್ಲರೂ ಕೈ ಎತ್ತಿದ್ರು. ನಾನೂ ಎತ್ತಿದೆ."

"ಯಾವ ಕೈ?"

ತಲೆ ತಗ್ಗಿಸಿದರು. ಹೆಲ್ಮೆಟ್ಟಿನ ಪಟ್ಟಿಯನ್ನು ಬೆರಳಿಗೆ ಸುತ್ತುತ್ತ ಬಿಡುತ್ತ ಕೂತರು.

"ನನಗೆ ಕಂಡಿತ್ತಮ್ಮ. ಲಾಮ್ ಹೇಳಿದ ತಕ್ಷಣ ಪರದೆ ನೋಡಿದೆ. ಐವತ್ತೈದು. ಮುಂದೇನು ಅಂತ ನನ್ನ ಪಾಠದ ಯೋಜನೆಯಲ್ಲಿ ಇರ್ಲಿಲ್ಲ. ನನ್ನ ಕೆಲಸ ಇನ್ನೂ ಖಾಯಂ ಆಗಿಲ್ಲ."

"ಒಂದು ಮಾತು ಸಾಕಿತ್ತು. ಪ್ರೋಗ್ರಾಂ ಸರಿ ಇದೆ ಮಕ್ಕಳೇ, ಯಾಕೆ ಸರಿ ಇದೆ ನೋಡೋಣ ಅಂದಿದ್ರೆ ಅದೊಂದು ಪಾಠ ಆಗ್ತಿತ್ತು. ಇಡೀ ಜಿಲ್ಲೆಯಲ್ಲಿ ಈ ವರ್ಷದ ಒಂದೇ ನಿಜವಾದ ಪಾಠ."

"ಹೌದು," ಅಂದರು.

ಹೌದು ಎನ್ನುವವರನ್ನು ಏನು ಮಾಡುವುದು? ಖಾಯ್‌ನನ್ನು ತಿರಸ್ಕರಿಸುವುದು ಸುಲಭ. ಈಕೆಗೆ ಕಂಡಿತ್ತು. ಕಂಡೂ ಮುಂದಿನ ಸಾಲು ಓದಿದಳು. ಕಾಣದವರಿಗಿಂತ ಈ ಜಾತಿಯವರ ಮೇಲೆ ನನಗೆ ಸಿಟ್ಟು ಹೆಚ್ಚು.

ಲಾಮ್ ಒಳಗಿನಿಂದ ಬಂದು ಕೈಕಟ್ಟಿ ತಲೆಬಾಗಿ ನಮಸ್ಕಾರ ಹೇಳಿ ಟೀ ಇಟ್ಟಳು. ಎಲ್ಲ ಕೇಳಿಸಿಕೊಂಡಿದ್ದಳು. ಕಣ್ಣು ಕೆಂಪಾಗಿತ್ತು, ಧ್ವನಿ ಸರಿಯಿತ್ತು.

"ಮಿಸ್, ಆ ಪ್ರೋಗ್ರಾಂ ಈಗ ಎಷ್ಟರಲ್ಲಿದೆ?"

"ಯಾವ... ಓ. ಹನ್ನೊಂದರಲ್ಲಿ."

"ಹತ್ತಕ್ಕೆ ಇಳಿಸಿ ಸೇವ್ ಮಾಡಿ ಮಿಸ್. ಮುಂದಿನ ವರ್ಷದವರು ಅದನ್ನೇ ತೆಗೀತಾರೆ."

ಮಿಸ್ ಹಿಯೆನ್ ಟೀ ಕುಡಿಯದೆ ಎದ್ದರು. ಹಣ್ಣಿನ ಚೀಲ ಸ್ಕೂಟರಿನ ಕೊಕ್ಕೆಗೆ ನಾನೇ ತೂಗುಹಾಕಿದೆ.

ಮೇ 13, ಮಂಗಳವಾರ

ಅರ್ಜಿಗೆ ಕೊನೆಯ ದಿನ ಇಪ್ಪತ್ತನೇ ತಾರೀಕು. ಕ್ವಿನ್ ಸಾಮಾನ್ಯ ಪ್ರೌಢಶಾಲೆಯ ಗುಣಗಾನ ಶುರುಮಾಡಿದ್ದಾಳೆ. ಹತ್ತಿರ. ಕ್ಯಾಂಟೀನ್ ಇದೆ. ಮರಗಳಿವೆ. ಅಲ್ಲಿ ಈ ವರ್ಷ ಕಂಪ್ಯೂಟರ್ ವಿಷಯ ತೆಗೆದುಕೊಂಡವರು ಕಡಿಮೆಯೆಂದು ಆ ತರಗತಿಯನ್ನೇ ಕೈಬಿಟ್ಟಿದ್ದಾರೆ. ಅದನ್ನು ಹೇಳಲಿಲ್ಲ.

ಲ್ಯಾಪ್‌ಟಾಪ್ ಮೇಲೆ ಟವೆಲ್ ಹೊದಿಸಿಟ್ಟಿದೆ. ಮೂರು ದಿನವಾಯಿತು.

ಮಧ್ಯಾಹ್ನ ಬಟ್ಟೆ ಒಣಹಾಕುವಾಗ ಲಾಮ್ ಕೇಳಿದಳು, "ಅಜ್ಜಿ, ನಾನು ಆವತ್ತು ನಲವತ್ತೈದು ಅಂದುಬಿಟ್ಟಿದ್ರೆ?"

"ನೀನೂ ಬ್ಯಾನರಿನಲ್ಲಿ ಇರ್ತಿದ್ದೆ."

ಯೋಚಿಸಿದಳು. ಒದ್ದೆ ಬೆಡ್‌ಶೀಟಿನ ಇನ್ನೊಂದು ತುದಿ ಹಿಡಿದುಕೊಂಡೇ. "ಅರವತ್ತಾರರ ಪಕ್ಕ ನನ್ನ ಮುಖ," ಎಂದು ಮೂಗು ಮುರಿದಳು. ಇವಳು ನನ್ನ ಮೊಮ್ಮಗಳೇ.

ಆದರೆ ಆಮೇಲೆ ಹೇಳಿದ್ದು ಬೇರೆ. "ನಾನು ಸರಿ ಅಂತ ನಿಮಗೆ ಗೊತ್ತು, ಅಮ್ಮನಿಗೆ ಗೊತ್ತು, ಮಿಸ್‌ಗೂ ಗೊತ್ತು. ಹೆಡ್‌ಮಾಸ್ಟರ್ ಕೂಡಿ ನೋಡಿದ್ರು ಅಂತ ನೀವೇ ಹೇಳಿದ್ರಲ್ಲ, ಅವರಿಗೂ ಗೊತ್ತು. ಎಲ್ಲರಿಗೂ ಗೊತ್ತಿದ್ರೆ ದರ್ಜೆ ಯಾಕೆ ಬದಲಾಗಲ್ಲ?"

ಗೊತ್ತಿರುವವರೆಲ್ಲ ಕೋಣೆಯಲ್ಲಿ ಗೊತ್ತಿರುವವರು, ಮಗು. ಅಂಗಳದಲ್ಲಿ ಯಾರಿಗೂ ಗೊತ್ತಿಲ್ಲ.

ಇದನ್ನು ಅವಳಿಗೆ ಹೇಳಲಿಲ್ಲ. ಭಾನುವಾರ ಪೋಷಕರ ವಾರ್ಷಿಕ ಸಭೆ ಇದೆ.

ಮೇ 18, ಭಾನುವಾರ. ಬೆಳಿಗ್ಗೆ 8.40, ಶಾಲೆಯ ಸಭಾಂಗಣ

ಹಿಂದಿನಿಂದ ಮೂರನೇ ಸಾಲು. ಎಡಕ್ಕೆ ಕ್ವಿನ್, ಬಲಕ್ಕೆ ಲಾಮ್. ಕ್ವಿನ್ ನನ್ನ ತೋಳು ಹಿಡಿದುಕೊಂಡಿದ್ದಾಳೆ, ಪ್ರೀತಿಯಿಂದಲ್ಲ. ಬಲಗೈ ಬಿಟ್ಟಿದ್ದರಿಂದ ಬರೆಯುತ್ತಿದ್ದೇನೆ.

ಬ್ಯಾನರನ್ನು ಗೇಟಿನಿಂದ ಇಳಿಸಿ ತಂದು ವೇದಿಕೆಯ ಹಿಂದೆ ಕಟ್ಟಿದ್ದಾರೆ. ಖಾಯ್ ಅವರ ತಲೆಯ ಮೇಲೆ ಸರಿಯಾಗಿ ಬೆಕ್ಕು.

ಸಾನ್ ಭಾಷಣ. "ನಮ್ಮ ಮಕ್ಕಳು ಇವತ್ತು ಕಂಪ್ಯೂಟರ್ ಜೊತೆ ಮಾತಾಡ್ತಾರೆ. ನಮ್ಮ ಕಾಲದಲ್ಲಿ ನಾವು ಎಮ್ಮೆ ಜೊತೆ ಮಾತಾಡ್ತಿದ್ವಿ." ಜನ ನಕ್ಕರು. ಎಮ್ಮೆಗೆ ಲೆಕ್ಕ ತಪ್ಪುತ್ತಿರಲಿಲ್ಲ.

ಇನ್ನು ಪ್ರಶಸ್ತಿ. ಮಿಸ್ ಹಿಯೆನ್‌ಗೆ ಹೂವು. ಆಕೆ ಬ್ಯಾನರಿನತ್ತ ಬೆನ್ನು ಹಾಕಿ ನಿಂತು ಫೋಟೋ ತೆಗೆಸಿಕೊಂಡರು.

9.50

ಪೋಷಕರ ಅಭಿಪ್ರಾಯ ಎಂದರು. ಎದ್ದೆ. ಕ್ವಿನ್ ಎಳೆದಳು, ಎಳೆತಕ್ಕೆ ಕುರ್ಚಿ ಸದ್ದಾಯಿತು, ಎಲ್ಲರೂ ತಿರುಗಿದರು. ಒಳ್ಳೆಯದೇ ಆಯಿತು.

ಹೆಸರು ಹೇಳಿದೆ. ಒಂಬತ್ತನೇ ತರಗತಿಯ ಲಾಮ್‌ಳ ಅಜ್ಜಿ ಎಂದೆ. ಮಾರ್ಚ್ ಇಪ್ಪತ್ತರಂದು ಏನಾಯಿತೆಂದು ಹೇಳಿದೆ, ಇಲ್ಲಿ ಬರೆದಷ್ಟೇ, ಒಂದು ಮಾತೂ ಹೆಚ್ಚಿಲ್ಲದೆ. ಬ್ಯಾನರ್ ತೋರಿಸಿದೆ. ದಯವಿಟ್ಟು ಎಲ್ಲರೂ ಒಂದರಿಂದ ಹತ್ತು ಕೂಡಿ ಎಂದೆ.

ಆಮೇಲೆ ಅಲ್ಲಲ್ಲಿ ಫೋನ್ ತೆಗೆಯುವ ಸದ್ದು. ಎರಡು ಸಾಲು ಮುಂದೆ ಒಬ್ಬ ಗಂಡಸು, "ಐವತ್ತೈದಲ್ವೇನೋ?" ಪಕ್ಕದವನು, "ಇನ್ನೊಂದ್ಸಲ ಮಾಡು." ಇನ್ನೊಂದು ಸಲ ಮಾಡಿದರು. ಹೆಂಗಸೊಬ್ಬಳು ಕಿಸಕ್ಕೆಂದಳು, ನಗು ಸಾಲಿಂದ ಸಾಲಿಗೆ ಹೋಯಿತು.

ಖಾಯ್ ಮೈಕು ಹಿಡಿದರು. "ಗೌರವಾನ್ವಿತ ಹಿರಿಯರು ಎತ್ತಿದ ವಿಷಯವನ್ನ ಸಭೆ ಆದ್ಮೇಲೆ ನನ್ನ ಕೋಣೆಯಲ್ಲಿ..."

ಕೋಣೆಗೆ ಬರುವುದಿಲ್ಲ ಎಂದೆ.

"ಕೂತ್ಕೊಳ್ಳಿ ಅಮ್ಮ. ನಿಮ್ಮ ಆರೋಗ್ಯ—"

ನನಗೆ ಜ್ವರವಿಲ್ಲ ಎಂದೆ. ಹಿಂದಿನ ಸಾಲಿನಲ್ಲಿ ಯಾರೋ ಜೋರಾಗಿ ನಕ್ಕರು. ಟ್ವಾನ್‌ನ ಅಮ್ಮ ಇರಬೇಕು.

ಸಾನ್ ಬಂದು ನನ್ನ ಕಿವಿಯಲ್ಲಿ, "ಬ್ಯಾನರ್ ತೆಗೆಸ್ತೀವಿ ಅಮ್ಮ, ಈಗಲೇ ತೆಗೆಸ್ತೀವಿ, ಸಾಕಲ್ವಾ?" ಬ್ಯಾನರ್ ಯಾರಿಗೆ ಬೇಕಾಗಿದೆ. ಇರಲಿ ಬಿಡಿ ಎಂದೆ. ದರ್ಜೆ ತಿದ್ದಿ.

ಕುರ್ಚಿಯ ಸದ್ದು, ಎಡಗಡೆ. ಕ್ವಿನ್ ಎದ್ದಿದ್ದಾಳೆ. ನನ್ನನ್ನು ಕೂರಿಸಲು ಎಂದುಕೊಂಡೆ. ತೋಳು ಬಿಟ್ಟಿದ್ದಳು. ಮುಖ ಬಿಳಿಚಿಕೊಂಡಿತ್ತು. ಔಷಧಿ ಅಂಗಡಿಯಲ್ಲಿ ಗಿರಾಕಿಗೆ ಹೇಳುವ ಸಣ್ಣ ಧ್ವನಿಯಲ್ಲೇ ಹೇಳಿದಳು:

"ಆ ಪತ್ರ ನಾನು ಬರೆಸಿದ್ದು ಸರ್. ಅವಳು ಬರೆಯೋಲ್ಲ ಅಂದಿದ್ಲು. ಅವಳ ತಪ್ಪೇನು ಅಂತ ನನಗೂ ಗೊತ್ತಾಗ್ಬೇಕು. ಮಂಗಳವಾರ ಅರ್ಜಿ ಕೊನೆ."

ಲಾಮ್ ನೆಲ ನೋಡುತ್ತಿದ್ದಾಳೆ. ಕಿವಿ ಕೆಂಪು.

10.05

ಖಾಯ್ ಒಂದು ಫೋನ್ ಬಂದಿದೆ ಎಂದು ಹೊರಗೆ ಹೋಗಿದ್ದಾರೆ. ಯಾರೂ ಎದ್ದು ಹೋಗಿಲ್ಲ. ಕಬ್ಬಿನ ಹಾಲಿನವಳು ಕಿಟಕಿಯಲ್ಲಿ. ನಾನೂ ಕ್ವಿನ್ನೂ ನಿಂತೇ ಇದ್ದೇವೆ, ನಿಂತೇ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟ. ಮಿಸ್ ಹಿಯೆನ್ ವೇದಿಕೆಯ ಅಂಚಿನಲ್ಲಿ ಹೂವು ಹಿಡಿದುಕೊಂಡು... ಮೈಕಿನ ಕಡೆ ನೋಡುತ್ತಿದ್ದಾರೆ. ತೆಗೆದುಕೊಳ್ಳುತ್ತಾರೋ ಇಲ್ಲವೋ.

ಖಾಯ್ ಬಂದರು. ನೀರು ಕುಡಿದರು. ಇನ್ನು ಕೇಳುತ್ತೇನೆ. ಇಷ್ಟೇ ಕೇಳುತ್ತೇನೆ. ಖಾಯ್ ಅವರೇ, ಕೋಣೆಯಲ್ಲಲ್ಲ, ಕಾಗದದಲ್ಲಲ್ಲ, ಇಲ್ಲಿ, ಈ ಮೈಕಿನಲ್ಲಿ, ಇಷ್ಟು ಜನರ ಎದುರು ಹೇಳಿ: ಮಾರ್ಚ್ ಇಪ್ಪತ್ತರಂದು ಈ ಹುಡುಗಿ ಹೇಳಿದ್ದು ಸರಿಯೋ, ತಪ್ಪೋ